ಎಥೆನಾಲ್ ಬೆರೆತ ಪೆಟ್ರೋಲಿಗೆ ಫೈಬರ್ ಟ್ಯಾಂಕ್ ತಾಳೀತೇ? ಕಟ್ಟುವ ಮೊದಲೇ ಪರೀಕ್ಷಿಸಿಕೊಳ್ಳುವ ಬಗೆ

ಫೈಬರ್‌ಗ್ಲಾಸ್ ಟ್ಯಾಂಕ್ ಸೋರುವ ಹೊತ್ತಿಗೆ ಅದು ಕೆಟ್ಟು ಬಹಳ ಕಾಲವಾಗಿರುತ್ತದೆ. ಮೊದಲು ಒಳಗೋಡೆ ಮೆತ್ತಗಾಗುತ್ತದೆ. ಆಮೇಲೆ ನಾರುಗಳನ್ನು ಹಿಡಿದಿಡುವ ಅಂಟಾದ ರೆಸಿನ್ನಿನ ಅಂಶ ಪೆಟ್ರೋಲಿಗೆ ಇಳಿಯುತ್ತದೆ. ಹೀಗೆ ಕರಗಿದ್ದನ್ನು ಯಾವ ಫಿಲ್ಟರೂ ತಡೆಯುವುದಿಲ್ಲ, ಅದು ನೇರ ಎಂಜಿನ್ನಿಗೆ ಹೋಗಿ ಇನ್‌ಟೇಕ್ ವಾಲ್ವ್‌ಗಳ ಮೇಲೆ ಕಪ್ಪು ಅಂಟಾಗಿ ಕೂರುತ್ತದೆ. ಅಮೆರಿಕದ ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್ ರಾಜ್ಯಗಳು 2004ರ ಆರಂಭದಿಂದ ಪೆಟ್ರೋಲಿನಲ್ಲಿ ಎಂಟಿಬಿಇ ಎಂಬ ಬೆರಕೆ ರಾಸಾಯನಿಕದ ಬಳಕೆಯನ್ನು ನಿಷೇಧಿಸಿದವು. ಅದರ ಜಾಗಕ್ಕೆ ಶೇ. 10ರ ಎಥೆನಾಲ್ ಬಂದಾಗ ಹಳೆಯ ಮೋಟಾರ್ ದೋಣಿಗಳಲ್ಲಿ ಆದದ್ದು ಇದೇ. ಹತ್ತಾರು ವರ್ಷ ಪೆಟ್ರೋಲನ್ನು ತುಂಬಿಕೊಂಡೂ ಏನೂ ಆಗದಿದ್ದ ಟ್ಯಾಂಕ್‌ಗಳು ಹೊಸ ಇಂಧನ ಬಂದ ಸ್ವಲ್ಪ ಕಾಲದಲ್ಲೇ ಕೈಕೊಟ್ಟವು. ವಾಲ್ವ್ ಅಂಟಿಕೊಂಡು ಪುಶ್‌ರಾಡ್ ಬಾಗಿದ ಎಂಜಿನ್‌ಗಳೂ ಇದ್ದವು.

ಸ್ವಂತವಾಗಿ ವಿಮಾನ ಕಟ್ಟುವವರು, ದೋಣಿ ಮಾಡುವವರು, ರೇಸ್ ಬೈಕಿಗೆ ಹಗುರ ಟ್ಯಾಂಕ್ ಎರೆಯುವವರು, ಹಳೆಯ ಬೈಕಿನ ಫೈಬರ್ ಟ್ಯಾಂಕನ್ನು ಉಳಿಸಿಕೊಳ್ಳಲು ಹೊರಟವರು ಈ ಬರಹವನ್ನು ಓದಬೇಕು. ನಾನು ಒತ್ತಿ ಹೇಳಬೇಕಾದ ಮಾತು ಒಂದೇ. ರೆಸಿನ್ ಡಬ್ಬಿಯ ಮೇಲೆ ‘ಇಂಧನ ನಿರೋಧಕ’ ಎಂದು ಬರೆದದ್ದನ್ನು ನಂಬಿ ಟ್ಯಾಂಕ್ ಕಟ್ಟಬೇಡಿ. ಅದೇ ರೆಸಿನ್, ಅದೇ ನಾರು, ರೆಸಿನ್ ಗಟ್ಟಿಯಾಗಿಸುವ ಅದೇ ಕ್ಯೂರಿಂಗ್‌ನಲ್ಲಿ ನಿಮ್ಮ ಕೈಯಾರೆ ಮಾಡಿದ ತುಂಡನ್ನು ನೀವು ನಿಜವಾಗಿ ತುಂಬಿಸುವ ಇಂಧನದಲ್ಲಿ ಮುಳುಗಿಸಿ ನೋಡಿ, ಆಮೇಲೆ ಕಟ್ಟಿ.

ಎಥೆನಾಲ್ ಬಂದರೆ ಏನು ಬದಲಾಗುತ್ತದೆ

ಬರಿಯ ಪೆಟ್ರೋಲು ಧ್ರುವೀಯವಲ್ಲದ, ಅಂದರೆ ಅಣುವಿನ ತುದಿಗಳ ನಡುವೆ ವಿದ್ಯುದಾವೇಶದ ವ್ಯತ್ಯಾಸವಿಲ್ಲದ, ಹೈಡ್ರೋಕಾರ್ಬನ್‌ಗಳ ಮಿಶ್ರಣ. ಪಾಲಿಯೆಸ್ಟರ್, ಎಪಾಕ್ಸಿಯಂಥ ರೆಸಿನ್‌ಗಳಿಗೂ ಅದಕ್ಕೂ ಅಷ್ಟಾಗಿ ಒಗ್ಗುವುದಿಲ್ಲ, ಹಾಗಾಗಿ ಅದು ಒಳಗೆ ನುಗ್ಗುವುದು ಕಡಿಮೆ. ಎಥೆನಾಲ್ ಅಣು ಚಿಕ್ಕದು, ಧ್ರುವೀಯವಾದದ್ದು, ಹೈಡ್ರೋಜನ್ ಬಂಧ ಕಟ್ಟಬಲ್ಲದ್ದು. ರೆಸಿನ್ ಸರಪಳಿಗಳ ನಡುವೆ ಸೇರಿ ಅವುಗಳ ಹಿಡಿತವನ್ನು ಅದು ಸಡಿಲಿಸುತ್ತದೆ. ರೆಸಿನ್ ಉಬ್ಬುತ್ತದೆ, ಗಡಸುತನ ಇಳಿಯುತ್ತದೆ, ಮೆತ್ತಗಾಗುವ ತಾಪಮಾನ ಕೆಳಗೆ ಬರುತ್ತದೆ.

‘ಶೇ. 10 ತಾನೇ, ಅಷ್ಟರಿಂದ ಏನಾದೀತು’ ಎನ್ನುವವರು ಒಂದು ವಿಷಯ ಗಮನಿಸಬೇಕು. ದ್ರಾವಕಗಳ ಗುಣವನ್ನು ಅಳೆಯುವ ಕರಗುವಿಕೆಯ ಮಾನದಲ್ಲಿ ಐಸೋಆಕ್ಟೇನ್ ಸುಮಾರು 14, ಟಾಲ್ವೀನ್ 18, ಎಥೆನಾಲ್ 26ರ ಹತ್ತಿರ ಬರುತ್ತವೆ. ಟ್ಯಾಂಕಿಗೆ ಬಳಸುವ ರೆಸಿನ್‌ಗಳು 20ರ ಆಚೀಚೆ ಇರುತ್ತವೆ. ದ್ರಾವಕದ ಅಂಕಿ ರೆಸಿನ್ನಿನ ಅಂಕಿಗೆ ಹತ್ತಿರವಾದಷ್ಟೂ ಉಬ್ಬುವಿಕೆ ಹೆಚ್ಚು. ಪೆಟ್ರೋಲು ಒಂದು ಕಡೆ ದೂರ, ಶುದ್ಧ ಎಥೆನಾಲ್ ಇನ್ನೊಂದು ಕಡೆ ದೂರ, ಎರಡೂ ಬೆರೆತದ್ದು ರೆಸಿನ್ನಿಗೆ ಹತ್ತಿರ. ಅದಲ್ಲದೆ, ಪೆಟ್ರೋಲಿನಲ್ಲಿ ಕಡಿಮೆ ಪ್ರಮಾಣದಲ್ಲಿರುವ ಎಥೆನಾಲ್ ಅಣುಗಳಿಗೆ ಪರಸ್ಪರ ಬಂಧ ಕಟ್ಟಿಕೊಳ್ಳಲು ಜೊತೆ ಸಿಗುವುದಿಲ್ಲ. ತಮ್ಮ ಪ್ರಮಾಣಕ್ಕೆ ಮೀರಿದ ಚುರುಕಿನಿಂದ ಅವು ರೆಸಿನ್ನಿನೊಳಗೆ ನುಗ್ಗುತ್ತವೆ. ಹಾಗಾಗಿ ಶುದ್ಧ ಎಥೆನಾಲಿನಲ್ಲಿ ಚೆನ್ನಾಗಿ ಉಳಿದ ತುಂಡು ಇ10 ಅಥವಾ ಇ20ರಲ್ಲಿ (ಶೇ. 10 ಅಥವಾ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ) ಸೋಲುವುದುಂಟು. ಪರೀಕ್ಷೆಗೆ ಔಷಧಾಲಯದ ಸ್ಪಿರಿಟ್ ಸಾಕು ಎಂದುಕೊಳ್ಳಬೇಡಿ.

ಎರಡನೆಯ ಅಪಾಯ ನೀರು. ಇ10 ಸಾಮಾನ್ಯ ತಾಪಮಾನದಲ್ಲಿ ಸುಮಾರು ಅರ್ಧ ಶೇಕಡದಷ್ಟು ನೀರನ್ನು ಕರಗಿಸಿಕೊಂಡಿರಬಲ್ಲದು. ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಇಂಧನ ತಣ್ಣಗಾದರೆ, ನೀರೂ ಎಥೆನಾಲೂ ಜೊತೆಯಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಆಗ ಟ್ಯಾಂಕಿನ ತಳವನ್ನು ಮುಟ್ಟಿರುವುದು ಪೆಟ್ರೋಲಲ್ಲ, ನೀರು ಬೆರೆತ, ಎಥೆನಾಲ್ ಹೆಚ್ಚಿರುವ ದ್ರವ. ಗಾಜಿನ ನಾರು ಎಥೆನಾಲಿಗೆ ಅಂಜುವುದಿಲ್ಲ. ಆದರೆ ನಾರಿಗೂ ರೆಸಿನ್ನಿಗೂ ಇರುವ ಬೆಸುಗೆಯನ್ನು ನೀರು ಬಿಡಿಸುತ್ತದೆ.

ಮೊದಲ ಹೆಜ್ಜೆ: ನಿಮ್ಮ ಇಂಧನದಲ್ಲಿ ಎಷ್ಟು ಎಥೆನಾಲಿದೆ ನೋಡಿ

100 ಮಿ.ಲೀ. ಅಳತೆಯ ಗಾಜಿನ ಸಿಲಿಂಡರ್ ತೆಗೆದುಕೊಳ್ಳಿ. 20 ಮಿ.ಲೀ. ಗುರುತಿನವರೆಗೆ ನೀರು ಹಾಕಿ, ಅದಕ್ಕೆ ಒಂದು ಹನಿ ಅಡುಗೆ ಬಣ್ಣ ಬೆರೆಸಿದರೆ ಗೆರೆ ಚೆನ್ನಾಗಿ ಕಾಣುತ್ತದೆ. 100ರ ಗುರುತಿನವರೆಗೆ ಪೆಟ್ರೋಲು ತುಂಬಿ, ಬಿಗಿಯಾಗಿ ಮುಚ್ಚಿ, ಚೆನ್ನಾಗಿ ಕುಲುಕಿ, ಒಮ್ಮೆ ಮುಚ್ಚಳ ಸಡಿಲಿಸಿ ಆವಿ ಬಿಟ್ಟು, ಕಾಲು ಗಂಟೆ ಅಲುಗಿಸದೆ ಇಡಿ. ಎಥೆನಾಲ್ ನೀರಿಗೆ ಬಂದು ಸೇರುವುದರಿಂದ ಕೆಳಗಿನ ಪದರ ಬೆಳೆಯುತ್ತದೆ. ಅದು 28ಕ್ಕೆ ಬಂದರೆ 80ರಲ್ಲಿ 8, ಅಂದರೆ ಸುಮಾರು ಶೇ. 10. 36ಕ್ಕೆ ಬಂದರೆ ಸುಮಾರು ಶೇ. 20. ನೀರೂ ಎಥೆನಾಲೂ ಬೆರೆತಾಗ ಗಾತ್ರ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ನಿಜವಾದ ಪ್ರಮಾಣ ನೀವು ಓದಿದ್ದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ಇದನ್ನು ಬಯಲಿನಲ್ಲಿ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪುತ್ತದೆ. ಮುಂದಿನ ಎಲ್ಲ ಹೆಜ್ಜೆಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಎರಡನೆಯ ಹೆಜ್ಜೆ: ರೆಸಿನ್ ಆರಿಸುವುದು

ಅಗ್ಗದ ಆರ್ಥೊಫ್ಥಾಲಿಕ್ ಪಾಲಿಯೆಸ್ಟರ್ ರೆಸಿನ್ ಎಥೆನಾಲಿಗೆ ಸಲ್ಲದು. ಹಳೆಯ ದೋಣಿಗಳೂ ಬೈಕ್ ಟ್ಯಾಂಕ್‌ಗಳೂ ಸೋತದ್ದು ಬಹುಪಾಲು ಪಾಲಿಯೆಸ್ಟರ್ ಕಾರಣಕ್ಕೆ. ಐಸೋಫ್ಥಾಲಿಕ್ ಅದಕ್ಕಿಂತ ವಾಸಿ, ಆದರೂ ಟ್ಯಾಂಕಿಗೆ ನಾನು ಅದನ್ನು ಆರಿಸುವುದಿಲ್ಲ. ಅದರ ಮೇಲೆ ವಿನೈಲ್ ಎಸ್ಟರ್, ಎಲ್ಲಕ್ಕಿಂತ ಮೇಲೆ ನೊವೊಲ್ಯಾಕ್ ಬಗೆಯ ವಿನೈಲ್ ಎಸ್ಟರ್ ಮತ್ತು ನೊವೊಲ್ಯಾಕ್ ಎಪಾಕ್ಸಿ. ನೊವೊಲ್ಯಾಕ್ ಅಣುವಿನಲ್ಲಿ ಬಂಧ ಕಟ್ಟುವ ತಾಣಗಳು ಎರಡಕ್ಕಿಂತ ಹೆಚ್ಚು ಇರುತ್ತವೆ. ಅದರಿಂದ ಜಾಲ ದಟ್ಟವಾಗಿ ಹೆಣೆದುಕೊಂಡು ಎಥೆನಾಲಿಗೆ ನುಸುಳಲು ದಾರಿ ಕಡಿಮೆಯಾಗುತ್ತದೆ. ಸಾಮಾನ್ಯ ಬಿಸ್‌ಫಿನಾಲ್ ಎಪಾಕ್ಸಿಗಳ ವಿಷಯದಲ್ಲಿ ಗಟ್ಟಿಯಾಗಿಸಲು ಬೆರೆಸುವ ಹಾರ್ಡನರ್ ಯಾವುದು, ಕ್ಯೂರಿಂಗ್ ಎಷ್ಟು ಆಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಒಂದೇ ಹೆಸರಿನ ರೆಸಿನ್ ಒಂದು ಹಾರ್ಡನರ್ ಜೊತೆ ಗೆದ್ದು ಇನ್ನೊಂದರ ಜೊತೆ ಸೋಲಬಹುದು.

ಸ್ಯಾಂಡ್‌ವಿಚ್ ಗೋಡೆ (ಎರಡು ಫೈಬರ್ ಪದರಗಳ ನಡುವೆ ಫೋಮ್ ಇಟ್ಟದ್ದು) ಮಾಡುವುದಾದರೆ ನಡುವಿನ ಫೋಮ್ ಯಾವುದು ಎಂಬುದೂ ಅಷ್ಟೇ ಮುಖ್ಯ. ಪಾಲಿಸ್ಟೈರೀನ್ ಫೋಮ್ ಪೆಟ್ರೋಲು ತಗುಲಿದರೆ ನೋಡನೋಡುತ್ತಲೇ ಕರಗಿಹೋಗುತ್ತದೆ. ರೆಕ್ಕೆಯ ಟ್ಯಾಂಕಿನ ಒಂದು ಸೂಜಿರಂಧ್ರದಿಂದ ಸೋರಿದ ಇಂಧನ ಅಂಥ ಫೋಮನ್ನು ತಲುಪಿದರೆ ಹೊರಚರ್ಮ ಹಾಗೇ ಇರುತ್ತದೆ, ಒಳಗೆ ರೆಕ್ಕೆ ಟೊಳ್ಳಾಗುತ್ತದೆ. ಟ್ಯಾಂಕಿನ ಗೋಡೆಗೆ ಪಾಲಿಯುರಿಥೇನ್ ಅಥವಾ ಪರೀಕ್ಷಿಸಿ ನೋಡಿದ ಪಿವಿಸಿ ಫೋಮ್ ಮಾತ್ರ ಬಳಸಿ.

ಮೂರನೆಯ ಹೆಜ್ಜೆ: ಪದರ ಹಾಕುವ ಕ್ರಮ

ರಾಸಾಯನಿಕ ಟ್ಯಾಂಕ್ ಕಟ್ಟುವವರ ಪದ್ಧತಿಯನ್ನು ಇಲ್ಲಿ ಕಲಿಯಬೇಕು. ದ್ರವ ಮುಟ್ಟುವ ಒಳಮೈಯಲ್ಲಿ ತೆಳುವಾದ ವೇಲ್ ಬಟ್ಟೆಯ ಪದರ. ಅದು ಸುಮಾರು ಕಾಲು ಮಿ.ಮೀ. ದಪ್ಪ, ಅದರಲ್ಲಿ ಹೆಚ್ಚುಕಡಿಮೆ ಶೇ. 90 ರೆಸಿನ್. ಅದರ ಹಿಂದೆ ಚದರ ಮೀಟರಿಗೆ 450 ಗ್ರಾಂ ತೂಗುವ ಕತ್ತರಿಸಿದ ನಾರಿನ ಮ್ಯಾಟ್ ಎರಡು ಪದರ, ಶೇ. 70ಕ್ಕೂ ಮೇಲ್ಪಟ್ಟು ರೆಸಿನ್. ಬಲ ಕೊಡುವ ನೇಯ್ದ ಬಟ್ಟೆ ಇವೆಲ್ಲದರ ಹಿಂದೆ. ರೆಸಿನ್ ಹೆಚ್ಚಿರುವ ಒಳಪದರ ದ್ರವವನ್ನು ತಡೆಯುತ್ತದೆ, ಹಿಂದಿನ ಪದರ ಭಾರ ಹೊರುತ್ತದೆ. ವಿಮಾನಕ್ಕೆ ಇಷ್ಟು ತೂಕ ಸಲ್ಲುವುದಿಲ್ಲ ಎಂಬುದು ನಿಜ. ಅಲ್ಲಿ ಎರಡು ಮ್ಯಾಟ್ ಬಿಟ್ಟು ವೇಲ್ ಮತ್ತು ಒಂದು ತೆಳು ಪದರವನ್ನಾದರೂ ಉಳಿಸಿಕೊಳ್ಳಿ. ವೇಲನ್ನೂ ಬಿಟ್ಟು ನೇರ ನೇಯ್ದ ಬಟ್ಟೆಯನ್ನೇ ಇಂಧನಕ್ಕೆ ಒಡ್ಡಿದರೆ, ಮೇಲ್ಮೈಯ ಸಣ್ಣ ರಂಧ್ರಗಳಿಂದ ಇಂಧನ ನಾರಿನ ಎಳೆಯುದ್ದಕ್ಕೂ ಹರಿದು ಎಲ್ಲೋ ದೂರದಲ್ಲಿ ಸೋರುತ್ತದೆ. ಸೋರಿಕೆಯ ಮೂಲ ಹುಡುಕುವುದು ಆಗ ಬಲು ಕಷ್ಟ.

ಕಾರ್ಬನ್ ನಾರು ಬಳಸಿದ್ದರೆ ಅಲ್ಯುಮಿನಿಯಂ ಬಿಡಿಭಾಗಗಳು ಅದಕ್ಕೆ ನೇರ ತಾಗದಂತೆ ನಡುವೆ ಗಾಜಿನ ನಾರಿನ ಪದರ ಹಾಕಿ, ಇಲ್ಲದಿದ್ದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಕ್ಯೂರಿಂಗ್

ಒಳ್ಳೆಯ ರೆಸಿನ್ ತಂದು ಅರೆಬರೆ ಕ್ಯೂರ್ ಮಾಡಿದ ಟ್ಯಾಂಕಿಗಿಂತ ಸಾಧಾರಣ ರೆಸಿನ್ನಿನಲ್ಲಿ ಪೂರ್ತಿ ಕ್ಯೂರ್ ಆದ ಟ್ಯಾಂಕ್ ಹೆಚ್ಚು ಬಾಳುವುದುಂಟು. ಕೋಣೆಯ ತಾಪಮಾನದಲ್ಲೇ ಗಟ್ಟಿಯಾದ ಎಪಾಕ್ಸಿ ಕೈಗೆ ಕಲ್ಲಿನಂತೆ ಅನ್ನಿಸಿದರೂ ಅದರ ಜಾಲ ಪೂರ್ಣವಾಗಿರುವುದಿಲ್ಲ. ಸಾಮಾನ್ಯವಾಗಿ ಅದು 50-60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗತೊಡಗುತ್ತದೆ. ಬಿಸಿಲಿನಲ್ಲಿ ನಿಂತ ಗಾಢ ಬಣ್ಣದ ಮೇಲ್ಮೈ ಅದನ್ನು ಸುಲಭವಾಗಿ ದಾಟುತ್ತದೆ. ಅದರ ಮೇಲೆ ಎಥೆನಾಲ್ ಹೀರಿಕೊಂಡು ಆ ತಾಪಮಾನ ಇನ್ನೂ ಕೆಳಗಿಳಿದಿರುತ್ತದೆ. ಎರಡೂ ಒಟ್ಟಾದ ದಿನ ಗೋಡೆ ಬಾಗುತ್ತದೆ.

ಆದ್ದರಿಂದ ಪೋಸ್ಟ್ ಕ್ಯೂರ್, ಅಂದರೆ ಗಟ್ಟಿಯಾದ ಮೇಲೆ ಬಿಸಿ ಕೊಟ್ಟು ಕ್ಯೂರಿಂಗ್ ಪೂರ್ಣಗೊಳಿಸುವುದನ್ನು ಬಿಡಲೇಬೇಡಿ. ರೆಸಿನ್ ತಯಾರಕರ ಹಾಳೆಯಲ್ಲಿ ಹೇಳಿದ ತಾಪಮಾನ ಮತ್ತು ಅವಧಿಯನ್ನು ಪಾಲಿಸಿ. ಬಹಳಷ್ಟು ವಿನೈಲ್ ಎಸ್ಟರ್ ಮತ್ತು ಎಪಾಕ್ಸಿಗಳಿಗೆ ಅದು 80 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆಗಳು. ತಾಪಮಾನವನ್ನು ನಿಧಾನವಾಗಿ ಏರಿಸಿ, ನಿಧಾನವಾಗಿ ಇಳಿಸಿ. ಒಳಗೆ ಪಾಲಿಸ್ಟೈರೀನ್ ಫೋಮ್ ಇರುವ ಭಾಗವಾದರೆ ಅಷ್ಟು ಬಿಸಿ ಕೊಡುವಂತಿಲ್ಲ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಒಮ್ಮೆಯೂ ಇಂಧನ ತುಂಬದ ಹೊಸ ಟ್ಯಾಂಕಿಗೆ ಮಾತ್ರ ಇದು. ಪೆಟ್ರೋಲು ಕಂಡ ಟ್ಯಾಂಕನ್ನು ಯಾವ ಕಾರಣಕ್ಕೂ ಬಿಸಿ ಮಾಡಬೇಡಿ.

ಎಪಾಕ್ಸಿ ಮತ್ತು ಹಾರ್ಡನರ್ ಎರಡನ್ನೂ ತಕ್ಕಡಿಯಲ್ಲಿ ತೂಗಿ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಒಂದಿಷ್ಟು ಹೆಚ್ಚು ಹಾಕುವುದು ಎಪಾಕ್ಸಿಯಲ್ಲಿ ದೊಡ್ಡ ತಪ್ಪು. ಜೋಡಿ ಸಿಗದೆ ಉಳಿದ ಹಾರ್ಡನರನ್ನು ಎಥೆನಾಲ್ ಮುಂದೆ ತೊಳೆದು ಹೊರತೆಗೆಯುತ್ತದೆ, ಅದು ಇದ್ದ ಜಾಗ ಖಾಲಿ ಬೀಳುತ್ತದೆ. ಎಪಾಕ್ಸಿಯ ಮೇಲ್ಮೈಯಲ್ಲಿ ಜಿಡ್ಡಿನಂಥ ಪೊರೆ ಬಂದಿದ್ದರೆ ನೀರಿನಿಂದ ತೊಳೆದು, ಉಜ್ಜಿ, ಆಮೇಲೆ ಮುಂದಿನ ಪದರ ಹಾಕಿ.

ಪಾಲಿಯೆಸ್ಟರ್ ಮತ್ತು ವಿನೈಲ್ ಎಸ್ಟರ್‌ಗಳ ತೊಂದರೆ ಬೇರೆ. ಗಾಳಿ ತಾಗುವ ಮೇಲ್ಮೈಯಲ್ಲಿ ಆಮ್ಲಜನಕ ಕ್ಯೂರಿಂಗನ್ನು ತಡೆಯುತ್ತದೆ, ಅಲ್ಲಿ ಅಂಟು ಉಳಿಯುತ್ತದೆ. ಟ್ಯಾಂಕಿನಲ್ಲಿ ಆ ಮೇಲ್ಮೈಯೇ ಒಳಮೈ ಆಗುವ ಸಂಭವ ಹೆಚ್ಚು. ಕೊನೆಯ ಪದರಕ್ಕೆ ಮೇಣ ಬೆರೆಸಿದ ರೆಸಿನ್ ಬಳಸಿ, ಅಥವಾ ಗಾಳಿ ತಾಗದಂತೆ ಹಾಳೆ ಹೊದಿಸಿ ಕ್ಯೂರ್ ಮಾಡಿ. ಕ್ಯೂರ್ ಆದ ಮೇಲೆ ಅಸಿಟೋನ್ ತೋಯಿಸಿದ ಬಟ್ಟೆಯಿಂದ ಒರೆಸಿ ನೋಡಿ. ಮೈ ಅಂಟಂಟಾದರೆ, ಹೊಳಪು ಹೋದರೆ ಕ್ಯೂರಿಂಗ್ ಆಗಿಲ್ಲ. ಬಾರ್ಕೋಲ್ ಗಡಸುಮಾಪಕ ಸಿಕ್ಕರೆ ಇನ್ನೂ ಒಳ್ಳೆಯದು. ತಯಾರಕರು ಕೊಟ್ಟ ಅಂಕಿಯ ಶೇ. 90ನ್ನಾದರೂ ಮುಟ್ಟಿರಬೇಕು.

ಐದನೆಯ ಹೆಜ್ಜೆ: ತುಂಡುಗಳನ್ನು ಮುಳುಗಿಸುವುದು

ಪ್ರಯೋಗಾಲಯಗಳಲ್ಲಿ ಇದಕ್ಕೆ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಎಎಸ್‌ಟಿಎಂ ಸಿ581, ಡಿ543ರಂಥ ವಿಧಾನಗಳಿವೆ. ಇಂಧನದ ಬದಲು ಅರ್ಧ ಐಸೋಆಕ್ಟೇನ್, ಅರ್ಧ ಟಾಲ್ವೀನ್ ಬೆರೆಸಿದ ‘ಫ್ಯೂಯೆಲ್ ಸಿ’ಗೆ ಎಥೆನಾಲ್ ಸೇರಿಸಿ ಬಳಸುತ್ತಾರೆ, ಏಕೆಂದರೆ ಟಾಲ್ವೀನಿನಂಥ ಆರೊಮ್ಯಾಟಿಕ್‌ಗಳು ಹೆಚ್ಚಿದಷ್ಟೂ ಪರೀಕ್ಷೆ ಕಠಿಣ. ಕಾರ್ಯಾಗಾರದಲ್ಲಿ ನಾವು ಅದರ ಸಾರವನ್ನಷ್ಟೇ ಪಾಲಿಸಿದರೂ ಸಾಕಷ್ಟು ಗೊತ್ತಾಗುತ್ತದೆ.

ಟ್ಯಾಂಕಿನ ಪದರಗಳನ್ನೇ ಹಾಕಿದ ಒಂದು ಹಲಗೆ ಮಾಡಿ, ಟ್ಯಾಂಕನ್ನು ಕ್ಯೂರ್ ಮಾಡುವ ರೀತಿಯಲ್ಲೇ ಅದನ್ನೂ ಕ್ಯೂರ್ ಮಾಡಿ, 25 ಮಿ.ಮೀ. ಅಗಲ, 75 ಮಿ.ಮೀ. ಉದ್ದದ ತುಂಡುಗಳಾಗಿ ಕೊಯ್ಯಿರಿ. 3 ಮಿ.ಮೀ. ದಪ್ಪವಿದ್ದರೆ ಒಂದೊಂದೂ ಸುಮಾರು 10 ಗ್ರಾಂ ತೂಗುತ್ತದೆ. ಆಗ 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲೇ ಶೇ. 0.1ರ ಏರಿಳಿತ ಕಾಣುತ್ತದೆ. ಕೊಯ್ದ ಅಂಚುಗಳನ್ನು ಅದೇ ರೆಸಿನ್ನಿನಿಂದ ಮುಚ್ಚಿ, ಅದನ್ನೂ ಕ್ಯೂರ್ ಮಾಡಿ. ಒಂದು ತುಂಡಿನ ಅಂಚನ್ನು ಮಾತ್ರ ಬೇಕೆಂದೇ ಮುಚ್ಚದೆ ಬಿಡಿ. ಟ್ಯಾಂಕಿಗೆ ರಂಧ್ರ ಕೊರೆದು ನಳಿಕೆ ಕೂರಿಸಿದಾಗ ಆ ರಂಧ್ರದ ಅಂಚು ಹೇಗೆ ವರ್ತಿಸುತ್ತದೆ ಎಂಬುದನ್ನು ಆ ತುಂಡು ಹೇಳುತ್ತದೆ. ನಾರಿಲ್ಲದ ಬರಿಯ ರೆಸಿನ್ನಿನ ತುಂಡುಗಳನ್ನೂ, 1 ಮಿ.ಮೀ. ದಪ್ಪದ ತೆಳು ತುಂಡುಗಳನ್ನೂ ಮಾಡಿಕೊಳ್ಳಿ. ಇವು ಏಕೆ ಬೇಕೆಂದು ಮುಂದೆ ಹೇಳುತ್ತೇನೆ.

ಗಾಜಿನ ಜಾಡಿಗಳು ನಾಲ್ಕು ಬೇಕು. ಮೊದಲನೆಯದರಲ್ಲಿ ನೀವು ತುಂಬಿಸುವ ಪೆಟ್ರೋಲು. ಎರಡನೆಯದರಲ್ಲಿ ಅದಕ್ಕೆ ಇನ್ನಷ್ಟು ಎಥೆನಾಲ್ ಸೇರಿಸಿದ್ದು, ಇಂದು ಇ10 ಸಿಗುತ್ತಿದ್ದರೆ ಇ20, ಇ20 ಇದ್ದರೆ ಇ30. ಟ್ಯಾಂಕಿನ ಆಯುಷ್ಯದಲ್ಲಿ ಇಂಧನ ನೀತಿ ಬದಲಾಗದೆ ಇರುವುದಿಲ್ಲ. ಮೂರನೆಯದರಲ್ಲಿ, ಪೆಟ್ರೋಲಿಗೆ ನೀರು ಹಾಕಿ ಬೇರ್ಪಡಿಸಿದಾಗ ತಳದಲ್ಲಿ ನಿಂತ ಪದರ. ನಾಲ್ಕನೆಯದು ಖಾಲಿ, ಅದರಲ್ಲಿ ಹೋಲಿಕೆಗೆ ಒಣ ತುಂಡು. ಮೊದಲೆರಡು ಜಾಡಿಗಳಲ್ಲಿ ಒಂದು ತುಂಡನ್ನು ಪೂರ್ತಿ ಮುಳುಗಿಸಿ, ಇನ್ನೊಂದನ್ನು ಅರ್ಧ ದ್ರವದಲ್ಲಿ, ಅರ್ಧ ಆವಿಯಲ್ಲಿ ನಿಲ್ಲಿಸಿ. ದ್ರವದ ಗೆರೆಯಲ್ಲೇ ಮೊದಲು ಬಿರುಕು ಕಾಣುವುದುಂಟು. ಜಾಡಿಯನ್ನು ತುಳುಕುವಂತೆ ತುಂಬಬೇಡಿ, ಹಿಗ್ಗಲು ಜಾಗ ಬಿಡಿ. ಲೋಹದ ಮುಚ್ಚಳವಿರಲಿ. ಮನೆಯೊಳಗೆ ಬೇಡ, ಗಾಳಿಯಾಡುವ, ಬೆಂಕಿಯಿಂದ ದೂರದ ನೆರಳಿನ ಜಾಗದಲ್ಲಿಡಿ. ಬಿಸಿ ಮಾಡಿ ಪರೀಕ್ಷೆಯನ್ನು ಚುರುಕುಗೊಳಿಸುವ ಆಸೆ ಬೇಡ, ಅದು ಪ್ರಯೋಗಾಲಯದ ಕೆಲಸ.

ಮುಳುಗಿಸುವ ಮೊದಲು ಪ್ರತಿ ತುಂಡಿನ ತೂಕ, ಮೈಕ್ರೋಮೀಟರಿನಲ್ಲಿ ದಪ್ಪ, ಗಡಸುತನ ಬರೆದಿಡಿ. ಮೇಲೆ ಬಣ್ಣದಲ್ಲಿ ಬರೆದ ಗುರುತು ಅಳಿಸಿಹೋಗುತ್ತದೆ, ಮೂಲೆಯಲ್ಲಿ ಗೀರಿ ಗುರುತು ಮಾಡಿ. ಆಮೇಲೆ 1, 3, 7, 14, 28, 60, 90ನೇ ದಿನಗಳಲ್ಲಿ ಹೊರತೆಗೆದು, ಬಟ್ಟೆಯಿಂದ ಒತ್ತಿ ಒರೆಸಿ, ಒಂದು ನಿಮಿಷದೊಳಗೆ ತೂಗಿ ವಾಪಸು ಹಾಕಿ. ತಡಮಾಡಿದರೆ ಹೀರಿಕೊಂಡದ್ದು ಆವಿಯಾಗಿ ತೂಕ ಸುಳ್ಳು ಹೇಳುತ್ತದೆ. ತಿಂಗಳಿಗೊಮ್ಮೆ ಇಂಧನ ಬದಲಿಸಿ, ಹಳೆಯದನ್ನು ಚೆಲ್ಲದೆ ಇಟ್ಟುಕೊಳ್ಳಿ.

ಅಂಕಿಗಳನ್ನು ಓದುವುದು

ತೂಕದ ಏರಿಕೆಯನ್ನು ದಿನಗಳ ವರ್ಗಮೂಲದ ಎದುರು ಗುರುತಿಸಿ. ಚೆನ್ನಾಗಿ ವರ್ತಿಸುವ ರೆಸಿನ್ ಮೊದಲು ನೇರ ಗೆರೆಯಲ್ಲಿ ಏರಿ, ಆಮೇಲೆ ಬಾಗಿ, ಸಮತಟ್ಟಾಗುತ್ತದೆ. ಸಮತಟ್ಟಾದ ಮೇಲೆ ಮತ್ತೆ ಏರತೊಡಗಿದರೆ ಒಳಗೆ ಸೂಕ್ಷ್ಮ ಬಿರುಕು ಬೀಳುತ್ತಿದೆ ಎಂದು ಅರ್ಥ. ಏರಿ ಆಮೇಲೆ ಇಳಿಯತೊಡಗಿದರೆ ರೆಸಿನ್ನಿನ ಅಂಶ ಕರಗಿ ಹೋಗುತ್ತಿದೆ. ಎರಡನೆಯದನ್ನು ಕಂಡು ‘ತೂಕ ಹೆಚ್ಚಾಗುವುದು ನಿಂತಿತು’ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ, ಅದು ಅಪಾಯಕಾರಿ ಓದು.

ತೆಳು ತುಂಡು ಬೇಕಾಗುವುದು ಇಲ್ಲೇ. ದ್ರವ ಒಳಗೆ ಇಳಿಯುವ ಕಾಲ ದಪ್ಪದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 1 ಮಿ.ಮೀ. ತುಂಡು ಹತ್ತು ದಿನಗಳಲ್ಲಿ ತಣಿದರೆ 3 ಮಿ.ಮೀ. ತುಂಡಿಗೆ ಒಂಬತ್ತು ಪಟ್ಟು, ಅಂದರೆ ತೊಂಬತ್ತು ದಿನ ಬೇಕು. ದಪ್ಪ ತುಂಡನ್ನು ಒಂದು ವಾರ ನೆನೆಸಿ ‘ಏನೂ ಆಗಲಿಲ್ಲ’ ಎಂದು ತೀರ್ಮಾನಿಸಿದ ಪರೀಕ್ಷೆಗೆ ಬೆಲೆಯಿಲ್ಲ. ಹಾಗೆಯೇ ಹೀರುವುದು ರೆಸಿನ್ ಮಾತ್ರ, ಗಾಜು ಅಲ್ಲ. ತೂಕದಲ್ಲಿ ಶೇ. 40 ರೆಸಿನ್ ಇರುವ ತುಂಡು ಶೇ. 1 ಹೆಚ್ಚಿದರೆ ರೆಸಿನ್ ತಾನು ಶೇ. 2.5 ಹೀರಿದೆ. ಬರಿಯ ರೆಸಿನ್ ತುಂಡು ಈ ಲೆಕ್ಕವನ್ನು ಖಚಿತಪಡಿಸುತ್ತದೆ.

90 ದಿನ ಮುಗಿದ ಮೇಲೆ ಹೊರತೆಗೆದ ಕೂಡಲೇ ಉಗುರಿನಿಂದ ಗೀರಿ, ಗಡಸುತನ ಅಳೆಯಿರಿ. ಆಮೇಲೆ ತೂಕ ಇಳಿಯುವುದು ನಿಲ್ಲುವವರೆಗೆ ಗಾಳಿಗೆ ಒಣಗಿಸಿ ಮತ್ತೆ ತೂಗಿ. ಮೊದಲಿನ ತೂಕಕ್ಕಿಂತ ಕಡಿಮೆ ಬಂದರೆ ಆ ವ್ಯತ್ಯಾಸದಷ್ಟು ರೆಸಿನ್ ಇಂಧನಕ್ಕೆ ಸೇರಿದೆ. ಎತ್ತಿಟ್ಟ ಹಳೆಯ ಇಂಧನದ 10 ಮಿ.ಲೀ.ಯನ್ನು ಗಾಜಿನ ತಟ್ಟೆಯಲ್ಲಿ ಬಯಲಿನಲ್ಲಿ ಆವಿಯಾಗಲು ಬಿಡಿ, ಪಕ್ಕದಲ್ಲೇ ಬಳಸದ ಇಂಧನದ ಅಷ್ಟೇ ಪ್ರಮಾಣವನ್ನೂ ಇಡಿ. ಪೆಟ್ರೋಲು ತಾನೂ ಸ್ವಲ್ಪ ಶೇಷ ಬಿಡುವುದರಿಂದ ಹೋಲಿಕೆ ಬೇಕೇ ಬೇಕು. ಹಳೆಯದರ ತಟ್ಟೆಯಲ್ಲಿ ಮಾತ್ರ ಅಂಟು ಪೊರೆ ಉಳಿದರೆ ಎಂಜಿನ್ನಿಗೆ ಹೋಗಲಿದ್ದದ್ದು ಅದೇ.

ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ: ಬರಿಯ ರೆಸಿನ್ ಶೇ. 2ರೊಳಗೆ ಸಮತಟ್ಟಾಗಬೇಕು, ಗಡಸುತನ ಶೇ. 15ಕ್ಕಿಂತ ಹೆಚ್ಚು ಇಳಿಯಬಾರದು ಮತ್ತು ಒಣಗಿದ ಮೇಲೆ ಮರಳಬೇಕು, ಅಂಟು ಶೇಷ ಕಾಣಬಾರದು. ಇದು ನಿಯಮಾವಳಿಯ ಅಂಕಿಯಲ್ಲ, ಎಚ್ಚರಿಕೆಯ ಕಡೆಗೆ ವಾಲಿದ ನನ್ನ ತೀರ್ಮಾನ. ಆಕಾಶದಲ್ಲಿ ಹಾರುವ ಟ್ಯಾಂಕಿಗೆ ಅದಕ್ಕಿಂತ ಸಡಿಲ ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ.

ಈಗಾಗಲೇ ಇರುವ ಹಳೆಯ ಟ್ಯಾಂಕ್

ಹಳೆಯ ಟ್ಯಾಂಕ್ ಯಾವ ರೆಸಿನ್ನಿನದು ಎಂದು ಗೊತ್ತಿಲ್ಲದಿದ್ದರೆ ಅದನ್ನು ಪಾಲಿಯೆಸ್ಟರ್ ಎಂದೇ ಭಾವಿಸಿ, ಎಥೆನಾಲ್ ರಹಿತ ಪೆಟ್ರೋಲು ಸಿಗದಿದ್ದರೆ ಬಳಸಬೇಡಿ. ಹೊರಗಿನ ಬಣ್ಣ ಗುಳ್ಳೆ ಏಳುವುದು, ಬಿಡದ ಪೆಟ್ರೋಲ್ ವಾಸನೆ, ಮುಚ್ಚಳದ ಬಾಯಿಯ ಒಳಗೆ ಬೆರಳಿಗೆ ತಾಗುವ ಅಂಟು, ಫಿಲ್ಟರಿನಲ್ಲಿ ಕಂದು ಲೋಳೆ ಇವುಗಳಲ್ಲಿ ಯಾವುದು ಕಂಡರೂ ಎಂಜಿನ್ ಓಡಿಸುವುದನ್ನು ನಿಲ್ಲಿಸಿ.

ಒಳಗೆ ಲೈನಿಂಗ್ ದ್ರವ ಸುರಿದು ಉಳಿಸಿಕೊಳ್ಳಬಹುದೇ ಎಂದು ಕೇಳುವವರು ಬಹಳ. ಗಟ್ಟಿಮುಟ್ಟಾಗಿರುವ ಟ್ಯಾಂಕಿಗೆ ಮುಂಜಾಗ್ರತೆಯಾಗಿ ಫಿನಾಲ್ ನೊವೊಲ್ಯಾಕ್ ಎಪಾಕ್ಸಿ ಲೈನಿಂಗ್ ಹಾಕಬಹುದು. ಅದಕ್ಕೆ ಮೊದಲು ಗೋಡೆಯಲ್ಲಿ ಹೀರಿಕೊಂಡ ಇಂಧನವೆಲ್ಲ ಹೋಗುವಂತೆ ವಾರಗಟ್ಟಲೆ ಗಾಳಿಗೆ ತೆರೆದಿಡಬೇಕು, ಒಳಮೈಯನ್ನು ಒರಟು ಮಾಡಬೇಕು. ಈಗಾಗಲೇ ಮೆತ್ತಗಾಗಿರುವ ಗೋಡೆಗೆ ಲೈನಿಂಗ್ ಹಾಕಿ ಪ್ರಯೋಜನವಿಲ್ಲ. ಅಡಿಪಾಯವೇ ಬಿಡುವುದರಿಂದ ಲೈನಿಂಗ್ ಹಾಳೆಯಾಗಿ ಕಿತ್ತು ಬಂದು ಇಂಧನದ ಬಾಯಿಗೆ ಅಡ್ಡ ಕೂರುತ್ತದೆ. ಅಂಥ ಟ್ಯಾಂಕನ್ನು ಬದಲಿಸುವುದೊಂದೇ ದಾರಿ.

ಹೊಸ ಟ್ಯಾಂಕನ್ನು ಚಾಲ್ತಿಗೆ ತರುವಾಗ

ನಳಿಕೆ, ಸೀಲು, ಗ್ಯಾಸ್ಕೆಟ್‌ಗಳೂ ಇದೇ ಇಂಧನವನ್ನು ತಾಳಬೇಕು. ಓ-ರಿಂಗ್‌ಗಳಿಗೆ ಫ್ಲೋರೋರಬ್ಬರ್ ಬಳಸಿ, ಕಾರ್ಕ್ ಬೇಡ. ಗಾಜಿನ ಫೈಬರ್ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ತುಂಬುವ ಬಾಯಿಯ ಲೋಹದ ಬಳೆಗೆ ಮರೆಯದೆ ಅರ್ಥಿಂಗ್ ತಂತಿ ಜೋಡಿಸಿ, ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ನೋಡಿಕೊಳ್ಳಿ. ತಳದ ಅತಿ ತಗ್ಗಿನ ಜಾಗದಲ್ಲಿ ಡ್ರೈನ್ ಇರಲಿ, ನೀರು ನಿಲ್ಲುವ ಮೂಲೆ ಇರದಿರಲಿ.

ಮೊದಲ ಸಲ ತುಂಬಿ ಎರಡು ವಾರ ಹಾಗೇ ಬಿಡಿ. ಡ್ರೈನ್‌ನಿಂದ ಸ್ವಲ್ಪ ತೆಗೆದು ಗಾಜಿನ ತಟ್ಟೆಯ ಪರೀಕ್ಷೆ ಮಾಡಿ, ಉಳಿದದ್ದನ್ನು ಹೊರತೆಗೆದು ಹೊಸ ಫಿಲ್ಟರ್ ಹಾಕಿ ಆಮೇಲೆ ಎಂಜಿನ್ ಹೊತ್ತಿಸಿ. ಮೊದಲ ಕೆಲವು ತಿಂಗಳು ಫಿಲ್ಟರನ್ನು ಬೇಗ ಬೇಗ ಬಿಚ್ಚಿ ನೋಡಿ. ಪರೀಕ್ಷೆಗೆ ಮಾಡಿದ ತುಂಡುಗಳಲ್ಲಿ ಎರಡನ್ನಾದರೂ ಜಾಡಿಯಲ್ಲೇ ಮುಂದುವರಿಸಿ, ವರ್ಷಕ್ಕೆರಡು ಸಲ ತೂಗಿ ಅದೇ ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಪಂಪಿನಲ್ಲಿ ಎಥೆನಾಲ್ ಪ್ರಮಾಣ ಬದಲಾದ ದಿನ ಆ ಜಾಡಿಯ ಇಂಧನವನ್ನೂ ಬದಲಿಸಿ.